ಒಂದೂವರೆ ಮೀಟರ್ ಸೂರು: ಮರದ ಚಾವಣಿಯ ಚಾಚು ಜಗ್ಗಿದ ಒಂದು ಪ್ರಕರಣ

ಮನೆಯವರ ದೂರು ಚಿಕ್ಕದಾಗಿತ್ತು. ಹೊಸದಾಗಿ ಮುಂದಕ್ಕೆ ಚಾಚಿಸಿದ ಸೂರಿನ ಅಂಚಿಗೆ ಕಟ್ಟಿದ್ದ ನೀರಿನ ದೋಣಿಯಲ್ಲಿ ಮಳೆ ಬಿಟ್ಟ ಮೇಲೂ ನೀರು ನಿಲ್ಲುತ್ತಿತ್ತು, ತುದಿಯ ಕೊಳವೆಯತ್ತ ಹರಿಯದೆ ನಡುವಿನಲ್ಲಿ ತುಂಬಿ ಚೆಲ್ಲುತ್ತಿತ್ತು. ದೋಣಿಯನ್ನು ಎರಡು ಬಾರಿ ಬಿಚ್ಚಿಸಿ, ಮಟ್ಟ ಸರಿಮಾಡಿಸಿ, ಮತ್ತೆ ಕಟ್ಟಿಸಿದ್ದರು. ಎರಡು ಬಾರಿಯೂ ಕೆಲವೇ ತಿಂಗಳಲ್ಲಿ ನಡುಭಾಗ ಮತ್ತೆ ಇಳಿದಿತ್ತು. ಪರಿಶೀಲನೆಗೆ ನಾನು ಹೋದ ದಿನ ಹಳೆಯ ಪಕಾಸಿಯ (ಚಾವಣಿಯನ್ನು ಹೊರುವ ಓರೆ ಮರದ) ಇಳಿಜಾರನ್ನೇ ಮುಂದುವರಿಸಿ ದಾರ ಎಳೆದು ಅಳೆದಾಗ, ಹಿಂಬದಿಯ ಸೂರಿನ ನಡುವಿನಲ್ಲಿ ತುದಿಯು 38 ಮಿ.ಮೀ. ಕೆಳಗೆ ಜಗ್ಗಿತ್ತು. ಮುಂಬದಿಯಲ್ಲಿ ಅದು ಸ್ವಲ್ಪ ಕಡಿಮೆ. ಇದು ದೋಣಿಯ ದೋಷವಲ್ಲ ಎಂಬುದು ಆಗಲೇ ಖಚಿತವಾಯಿತು.

ಕಟ್ಟಡದ ವಿವರ ಹೀಗಿದೆ. ಅದು 230 ಮಿ.ಮೀ. ದಪ್ಪದ ಇಟ್ಟಿಗೆ ಗೋಡೆಯ, ಎರಡು ಕಡೆಗೆ ಇಳಿಜಾರಾದ ಮರದ ಚಾವಣಿಯ ಒಂದಂತಸ್ತಿನ ಮನೆ. ನೆತ್ತಿಯಲ್ಲಿ ಗಟ್ಟಿಯಾದ ತೊಲೆಯಿದ್ದು, ಅಲ್ಲಿಂದ ಗೋಡೆಯ ಮೇಲಿನ ಮರದ ಪಟ್ಟಿಯವರೆಗೆ 50 × 150 ಮಿ.ಮೀ. ಅಳತೆಯ ಪಕಾಸಿಗಳನ್ನು 600 ಮಿ.ಮೀ. ಅಂತರದಲ್ಲಿ ಇಳಿಬಿಡಲಾಗಿದೆ. ನೆತ್ತಿಯಿಂದ ಗೋಡೆಗೆ ಅಡ್ಡಳತೆ 3 ಮೀಟರ್. ಮೊದಲು ಕಟ್ಟಿದಾಗ ಉದ್ದದ ಎರಡೂ ಬದಿಗಳಲ್ಲಿ ಸೂರು 600 ಮಿ.ಮೀ. ಚಾಚಿತ್ತು, ತ್ರಿಕೋನ ಗೋಡೆಯಿರುವ ಎರಡು ತುದಿಗಳಲ್ಲಿ 300 ಮಿ.ಮೀ. ಮಾತ್ರ. ಪ್ರತಿ ಪಕಾಸಿಯೂ ಗೋಡೆಪಟ್ಟಿಯ ಮೇಲೆ ಸರಿಯಾಗಿ ಕೂರಲೆಂದು ಅದರ ತಳದಲ್ಲಿ 50 ಮಿ.ಮೀ. ಆಳದ ಕಚ್ಚು ಕೊಟ್ಟಿದ್ದರು. ಈ ಕಚ್ಚನ್ನು ನೆನಪಿನಲ್ಲಿಡಬೇಕು, ಮುಂದೆ ಅದರ ಮಾತು ಬರುತ್ತದೆ.

ಗೋಡೆಗೆ ಮಳೆಯ ಎರಚಲು ಬಡಿಯುತ್ತದೆ, ಹೊರಗೆ ಕೂರಲು ನೆರಳಿಲ್ಲ ಎಂಬ ಕಾರಣಕ್ಕೆ ಮನೆಯವರು ಸೂರನ್ನು 1500 ಮಿ.ಮೀ.ಗೆ ಬೆಳೆಸಬೇಕೆಂದು ಬಯಸಿದರು. ಕಂಬ ಬೇಡ, ಅಂಗಳಕ್ಕೆ ಅಡ್ಡಿಯಾಗುತ್ತದೆ ಎಂಬುದು ಅವರ ಷರತ್ತು. ಕೆಲಸ ವಹಿಸಿಕೊಂಡ ಬಡಗಿ ಚಾವಣಿಯನ್ನು ಬಿಚ್ಚದೆ ಮಾಡಬಹುದಾದ ಸುಲಭ ದಾರಿಯನ್ನು ಹಿಡಿದರು: ಗೋಡೆಯಿಂದ ಹೊರಗಿದ್ದ 600 ಮಿ.ಮೀ. ಬಾಲಕ್ಕೆ ಪಕ್ಕದಿಂದ 1500 ಮಿ.ಮೀ. ಉದ್ದದ 50 × 100 ತುಂಡೊಂದನ್ನು ಒತ್ತಿ, ಗೋಡೆಯ ಬಳಿ ಎರಡು, ಬಾಲದ ತುದಿಯ ಬಳಿ ಎರಡು ಮೊಳೆ ಹೊಡೆದು, ಉಳಿದ 900 ಮಿ.ಮೀ. ಭಾಗವನ್ನು ಗಾಳಿಗೆ ಬಿಟ್ಟರು. ಅದರ ಮೇಲೆ ಹಲಗೆ, ಹಲಗೆಯ ಮೇಲೆ ಲೋಹದ ಶೀಟು. ನಾನು ಕೇಳಿದಾಗ ಅವರು ಕೊಟ್ಟ ಉತ್ತರ ಪ್ರಾಮಾಣಿಕವಾಗಿತ್ತು: "ಮರ ಗಟ್ಟಿ ಇದೆ ಸಾರ್, ಒಂದೂ ಮುರಿದಿಲ್ಲ ನೋಡಿ." ಅವರು ಹೇಳಿದ್ದು ನಿಜವೇ. ಒಂದು ತುಂಡೂ ಮುರಿದಿರಲಿಲ್ಲ, ಮತ್ತು ಈ ಪ್ರಕರಣದ ಮುಖ್ಯ ಅಂಶ ಅಡಗಿರುವುದು ಅಲ್ಲಿಯೇ.

ಲೆಕ್ಕ ಏನು ಹೇಳುತ್ತದೆ

ಹಲಗೆ, ಶೀಟು, ಮರ ಸೇರಿ ಚಾವಣಿಯ ಸ್ವಂತ ಭಾರವನ್ನು ಚದರ ಮೀಟರಿಗೆ 0.35 ಕಿಲೋನ್ಯೂಟನ್ ಎಂದೂ, ಮೇಲೆ ಬರಬಹುದಾದ ಭಾರವನ್ನು 0.75 ಕಿಲೋನ್ಯೂಟನ್ ಎಂದೂ ಹಿಡಿದೆ. ಒಂದು ಕಿಲೋನ್ಯೂಟನ್ ಎಂದರೆ ಸುಮಾರು 100 ಕಿಲೋಗ್ರಾಂ ತೂಕ. ಪಕಾಸಿಗಳ ಅಂತರ 600 ಮಿ.ಮೀ. ಆದ್ದರಿಂದ ಒಂದೊಂದು ಪಕಾಸಿಯ ಮೇಲೆ ಮೀಟರಿಗೆ 0.66 ಕಿಲೋನ್ಯೂಟನ್ ಭಾರ ಬೀಳುತ್ತದೆ. ಇಳಿಜಾರು ಕಡಿಮೆಯಿದ್ದುದರಿಂದ ಅದರ ತಿದ್ದುಪಡಿಯನ್ನು ಇಲ್ಲಿ ಬಿಟ್ಟಿದ್ದೇನೆ.

ಚಾಚಿನ ಬುಡದಲ್ಲಿ ಹುಟ್ಟುವ ಬೆಂಡಿಂಗ್ ಮೊಮೆಂಟ್, ಅಂದರೆ ಮರವನ್ನು ಬಗ್ಗಿಸುವ ತಿರುವುಬಲ, ಉದ್ದದ ವರ್ಗಕ್ಕೆ ತಕ್ಕಂತೆ ಏರುತ್ತದೆ. 600 ಮಿ.ಮೀ. ಚಾಚಿಗೆ ಅದು 0.12 ಕಿಲೋನ್ಯೂಟನ್-ಮೀಟರ್, 1500 ಮಿ.ಮೀ. ಚಾಚಿಗೆ 0.74. ಉದ್ದ ಎರಡೂವರೆ ಪಟ್ಟಾದರೆ ಮೊಮೆಂಟ್ ಆರೂಕಾಲು ಪಟ್ಟು. ಆದರೂ ಕಚ್ಚಿಲ್ಲದ 50 × 150 ಮರದಲ್ಲಿ ಇದರಿಂದ ಉಂಟಾಗುವ ಒತ್ತಡ ಚದರ ಮಿ.ಮೀ.ಗೆ 4 ನ್ಯೂಟನ್ನಿನಷ್ಟೇ, ಸಾಮಾನ್ಯ ಕಟ್ಟಡದ ಮರ ತಡೆಯಬಲ್ಲ ಮಿತಿಯೊಳಗೆ. ಕಚ್ಚು ಕೊಟ್ಟ ಕಡೆ ಉಳಿದಿರುವ ಆಳ 100 ಮಿ.ಮೀ. ಆಗಿರುವುದರಿಂದ ಅಲ್ಲಿ ಅದೇ ಒತ್ತಡ 9 ನ್ಯೂಟನ್ನಿಗೆ ಹತ್ತಿರವಾಗುತ್ತದೆ. ಮಧ್ಯಮ ದರ್ಜೆಯ ಮರಕ್ಕೆ ಅದು ಮಿತಿಯ ಅಂಚು. ಮೊಮೆಂಟ್ ಅತಿ ಹೆಚ್ಚಿರುವ ಜಾಗದಲ್ಲಿಯೇ ಮರವನ್ನು ಕೊರೆದು ತೆಳುಮಾಡುವುದು ಸೂರು ಕಟ್ಟುವ ಪದ್ಧತಿಯೊಳಗೇ ಇರುವ ವಿಪರ್ಯಾಸ, ಚಾಚು ಗಿಡ್ಡವಾಗಿದ್ದಾಗ ಅದು ಯಾರ ಗಮನಕ್ಕೂ ಬರುವುದಿಲ್ಲ. ಅಮೆರಿಕದ ವಸತಿ ಕಟ್ಟಡ ಸಂಹಿತೆ ಈ ಕಾರಣಕ್ಕಾಗಿಯೇ ಚಾಚಿದ ಪಕಾಸಿಗೆ ಕಚ್ಚು ಕೊಡುವುದಾದರೆ ಉಳಿಯುವ ಆಳ ಮೂರೂವರೆ ಇಂಚಿಗಿಂತ, ಅಂದರೆ ಸುಮಾರು 89 ಮಿ.ಮೀ.ಗಿಂತ, ಕಡಿಮೆಯಾಗಬಾರದು ಮತ್ತು ಚಾಚು 24 ಇಂಚನ್ನು, ಅಂದರೆ ಸುಮಾರು 610 ಮಿ.ಮೀ.ಯನ್ನು, ಮೀರಬಾರದು ಎನ್ನುತ್ತದೆ. ಈ ಮನೆಯ ಮೂಲ ಸೂರು ಆ ಮಿತಿಯೊಳಗೆ ಚೊಕ್ಕವಾಗಿ ಕೂತಿತ್ತು. ಮೊದಲು ಕಟ್ಟಿದವರು ಯಾವ ಲೆಕ್ಕ ಹಾಕಿದ್ದರೋ, ಅಳತೆ ಮಾತ್ರ ಸರಿಯಾಗಿತ್ತು.

ಇನ್ನು ಬಾಗುವಿಕೆ. ಮರದ ಸ್ಥಿತಿಸ್ಥಾಪಕತೆಯನ್ನು ಚದರ ಮಿ.ಮೀ.ಗೆ 9000 ನ್ಯೂಟನ್ ಎಂದು ಹಿಡಿದು, ಭಾರವೆಲ್ಲ ಚಾಚಿನ ಮೇಲೆ ಮಾತ್ರ ಇರುವ ಕೆಟ್ಟ ಸ್ಥಿತಿಯನ್ನು ಊಹಿಸಿದರೆ, 600 ಮಿ.ಮೀ. ಚಾಚಿನ ತುದಿ ಬಾಗುವುದು ಮಿಲಿಮೀಟರಿನ ಮೂರನೇ ಎರಡು ಭಾಗದಷ್ಟು. 1500 ಮಿ.ಮೀ. ಚಾಚು ಬಾಗುವುದು 12 ಮಿ.ಮೀ., ಅಂದರೆ ಹದಿನೆಂಟು ಪಟ್ಟಿಗೂ ಹೆಚ್ಚು. ಚಾಚಿನ ಉದ್ದದ 150ನೇ ಒಂದು ಭಾಗವನ್ನು ಮಿತಿಯೆಂದು ಇಟ್ಟುಕೊಂಡರೆ ಇಲ್ಲಿ 10 ಮಿ.ಮೀ. ದಾಟುವಂತಿಲ್ಲ. ಆದ್ದರಿಂದ ಈ ಪಕಾಸಿ ಮುರಿತಕ್ಕಿಂತ ಮೊದಲೇ ಬಾಗಿನ ಲೆಕ್ಕದಲ್ಲಿ ಸೋಲುತ್ತದೆ.

ಆದರೆ ನಾನು ಅಳೆದದ್ದು 12 ಅಲ್ಲ, 38. ಅದೂ ಮೇಲೆ ಯಾವ ಹೊರಭಾರವೂ ಇಲ್ಲದ ದಿನ. ಒಂದೇ ತುಂಡಿನ ಪಕಾಸಿ 1500 ಮಿ.ಮೀ. ಚಾಚಿಕೊಂಡಿದ್ದರೂ ಸ್ವಂತ ಭಾರಕ್ಕೆ ಅದರ ತುದಿ ಇಳಿಯುವುದು 1 ಮಿ.ಮೀ. ಮಾತ್ರ, ಏಕೆಂದರೆ ಗೋಡೆಯ ಒಳಗಿನ 3 ಮೀಟರ್ ಭಾಗದ ಭಾರ ತಕ್ಕಡಿಯ ಇನ್ನೊಂದು ತಟ್ಟೆಯಂತೆ ಹೊರತುದಿಯನ್ನು ಮೇಲಕ್ಕೆ ಹಿಡಿದಿರುತ್ತದೆ. ವರ್ಷಗಳ ಭಾರಕ್ಕೆ ಮರ ಇನ್ನಷ್ಟು ಜಗ್ಗುತ್ತದೆಂದು ಅದನ್ನು ಇಮ್ಮಡಿ ಮಾಡಿದರೂ 2. ಉಳಿದ 36 ಮಿ.ಮೀ. ಎಲ್ಲಿಂದ ಬಂತು?

ಉತ್ತರಕ್ಕಾಗಿ ಸೂರಿನ ತಳದ ಹಲಗೆಯನ್ನು ಎರಡು ಕಡೆ ಬಿಚ್ಚಿ ನೋಡಬೇಕಾಯಿತು. ಬಾಲದ ತುದಿಯ ಬಳಿಯ ಮೊಳೆಗಳು ಬಾಗಿ, ತಮ್ಮ ರಂಧ್ರವನ್ನು ಕೆಳಮುಖವಾಗಿ ಉದ್ದ ಮಾಡಿಕೊಂಡಿದ್ದವು; ಹೊಸ ತುಂಡು ಅಲ್ಲಿ 8 ಮಿ.ಮೀ. ಇಳಿದಿತ್ತು. ಗೋಡೆಯ ಬಳಿಯ ಮೊಳೆಗಳು ಇದಕ್ಕೆ ವಿರುದ್ಧವಾಗಿ ಬಾಗಿ, ತುಂಡಿನ ಒಳತುದಿ 6 ಮಿ.ಮೀ. ಮೇಲೆದ್ದಿತ್ತು. ಎರಡು ಮೊಳೆಗುಂಪುಗಳ ನಡುವಿನ ದೂರ 500 ಮಿ.ಮೀ., ಹೊರಗುಂಪಿನಿಂದ ಸೂರಿನ ತುದಿಗೆ 950 ಮಿ.ಮೀ. ಅಷ್ಟು ಚಿಕ್ಕ ದೂರದಲ್ಲಿ 14 ಮಿ.ಮೀ. ತಿರುವು ಬಂದರೆ ತುದಿಗೆ ತಲುಪುವಾಗ ಅದು ಸುಮಾರು 27 ಆಗುತ್ತದೆ, ಅದಕ್ಕೆ ಹೊರಗುಂಪು ಇಳಿದ 8 ಸೇರಿದರೆ 35. ಅಳತೆಗೂ ಲೆಕ್ಕಕ್ಕೂ ಇಷ್ಟು ಹೊಂದಿಕೆಯಾಗುವುದು ಅಪರೂಪ, ನನಗೂ ಆಶ್ಚರ್ಯವೇ ಆಯಿತು. ಬಾಗಿದ್ದು ಮರವಲ್ಲ, ತಿರುಗಿದ್ದು ಜೋಡಣೆ.

ಜೋಡಣೆ ತಿರುಗಿದ್ದೇಕೆ ಎಂಬುದಕ್ಕೆ ಸನ್ನೆಗೋಲಿನ ಲೆಕ್ಕ ಸಾಕು. ಹೊರಗಿನ 900 ಮಿ.ಮೀ. ಭಾಗದ ಪೂರ್ಣ ಭಾರ 0.59 ಕಿಲೋನ್ಯೂಟನ್. ಅದನ್ನು ಹಿಡಿಯಲು ಒಳಗುಂಪಿನ ಮೊಳೆಗಳು ಅಷ್ಟೇ ಬಲದಿಂದ ಕೆಳಗೆ ಎಳೆಯಬೇಕು, ಹೊರಗುಂಪು ಇವೆರಡನ್ನೂ ಹೊರಬೇಕು, ಅಂದರೆ 1.19 ಕಿಲೋನ್ಯೂಟನ್. ಎರಡು ಮೊಳೆಗೆ ಹಂಚಿದರೆ ಒಂದಕ್ಕೆ 0.6, ಸುಮಾರು 4 ಮಿ.ಮೀ. ದಪ್ಪದ ಮೊಳೆಯ ಮೇಲೆ ನೆಚ್ಚಬಾರದಷ್ಟು. ಸ್ವಂತ ಭಾರಕ್ಕೆ ಮಾತ್ರವಾದರೆ 0.19, ಅದನ್ನು ಅವು ತಡೆದಿದ್ದವು. ಆದರೆ ದೋಣಿ ಸರಿಮಾಡಲು ಹತ್ತಿದ ಕೆಲಸಗಾರ ಸೂರಿನ ತುದಿಯಲ್ಲಿ ಕುಳಿತಾಗ, ಅವನ 0.9 ಕಿಲೋನ್ಯೂಟನ್ ತೂಕಕ್ಕೇ ಹೊರಗುಂಪಿನ ಮೇಲೆ 2.6 ಕಿಲೋನ್ಯೂಟನ್ ಬೀಳುತ್ತದೆ. ಹಲಗೆಯ ಮೂಲಕ ಪಕ್ಕದ ಪಕಾಸಿಗಳಿಗೆ ಅದರಲ್ಲಿ ಒಂದಷ್ಟು ಹಂಚಿಹೋಗುತ್ತದೆ ಎಂದುಕೊಂಡರೂ ಮೊಳೆ ಬಾಗದೆ ಇರಲಾರದು. ಸೂರು ಅತಿ ಹೆಚ್ಚು ಜಗ್ಗಿದ್ದ ಜಾಗ, ದೋಣಿ ಬಿಚ್ಚಿ ಕಟ್ಟಿದವರು ಎರಡೂ ಬಾರಿ ಏಣಿ ಇಟ್ಟು ಹತ್ತಿ ಕುಳಿತಿದ್ದ ಜಾಗ. ದುರಸ್ತಿಯೇ ರೋಗವನ್ನು ಬೆಳೆಸಿತ್ತು. ಜೊತೆಗೆ ಹೊರಗಿನ ಮೊಳೆಗಳನ್ನು ಹಳೆಯ ಬಾಲದ ತುದಿಯಿಂದ 50 ಮಿ.ಮೀ. ಮಾತ್ರ ಒಳಗೆ ಹೊಡೆದಿದ್ದರಿಂದ ಐದು ಬಾಲಗಳು ಎಳೆಯ ಉದ್ದಕ್ಕೆ ಸೀಳಿದ್ದವು. ಸೀಳಿಗೆ ನೀರು ಇಳಿದಿತ್ತು. ತೇವಮಾಪಕ ಅಲ್ಲಿ 26 ಶೇಕಡಾ ತೋರಿಸಿತು, 20ಕ್ಕಿಂತ ಮೇಲೆ ನಿಂತರೆ ಮರಕ್ಕೆ ಶಿಲೀಂಧ್ರ ಹಿಡಿಯುವ ಹೊತ್ತು ದೂರವಿರುವುದಿಲ್ಲ.

ಮಿತಿಯ ಪ್ರಶ್ನೆ

ಚಾಚು ಎಷ್ಟಿರಬಹುದು ಎಂದು ಕೇಳಿದರೆ ಕೆಲಸಗಾರರ ಬಾಯಲ್ಲಿ ಸಿದ್ಧ ಉತ್ತರವಿದೆ: ಒಳಗೆ ಮೂರು ಪಾಲಿದ್ದರೆ ಹೊರಗೆ ಒಂದು ಪಾಲು. ಎಚ್ಚರಿಕೆಯವರು ನಾಲ್ಕಕ್ಕೆ ಒಂದು ಎನ್ನುತ್ತಾರೆ. ಮೇಲೆ ಹೇಳಿದ ಸಂಹಿತೆಯೇ ಹೊರಾಂಗಣದ ಮರದ ಡೆಕ್ಕಿನ ಜಂತಿಗಳಿಗೆ ಒಳ ಅಂತರದ ನಾಲ್ಕನೇ ಒಂದನ್ನು ಗರಿಷ್ಠ ಚಾಚಾಗಿ ಇಟ್ಟಿದೆ. ಅದೇ ಸಂಹಿತೆ, ನೆಲದ ಜಂತಿ ಹೊರಚಾಚಿ ಮೇಲಿನ ಗೋಡೆಯನ್ನೂ ಚಾವಣಿಯನ್ನೂ ಹೊರುವ ಸಂದರ್ಭ ಬಂದಾಗ, ಪ್ರತ್ಯೇಕ ಕೋಷ್ಟಕ ಅನ್ವಯಿಸದಿದ್ದರೆ ಚಾಚನ್ನು ಜಂತಿಯ ಆಳದಷ್ಟಕ್ಕೇ ನಿಲ್ಲಿಸುತ್ತದೆ. ಒಂದೇ ಮರ, ಒಂದೇ ಚಾಚು, ಆದರೆ ತುದಿಯ ಮೇಲೆ ಏನು ಕುಳಿತಿದೆ ಎಂಬುದರ ಮೇಲೆ ಮಿತಿ ಅರ್ಧಕ್ಕೂ ಕಾಲಿಗೂ ಇಳಿಯುತ್ತದೆ.

ಈ ಮನೆಯ 3 ಮೀಟರಿಗೆ ನಾಲ್ಕನೇ ಒಂದೆಂದರೆ 750 ಮಿ.ಮೀ., ಮೂರನೇ ಒಂದೆಂದರೆ 1000. ಕಟ್ಟಿದ್ದು ಅರ್ಧ. ಆದರೆ ನನ್ನ ಆಕ್ಷೇಪ ಈ ಅನುಪಾತದ ಮೇಲೆ ಮಾತ್ರವಲ್ಲ. ಅನುಪಾತದ ನಿಯಮಗಳೆಲ್ಲ ಮೂರು ಸಂಗತಿಗಳನ್ನು ಹೇಳದೆಯೇ ನಂಬಿಕೊಂಡಿರುತ್ತವೆ: ಮರ ಒಳಗಿನಿಂದ ಹೊರಗಿನವರೆಗೆ ಒಂದೇ ತುಂಡು, ಆಧಾರದ ಮೇಲೆ ಅದರ ಆಳ ಹೆಚ್ಚು ಕತ್ತರಿಸಿಲ್ಲ, ಒಳತುದಿ ಮೇಲೇಳದಂತೆ ಕಟ್ಟಿದೆ. ಬಾಲಕ್ಕೆ ಅಂಟಿಸಿದ ತುಂಡಿಗೆ ಒಳಗಿನ 3 ಮೀಟರ್ ಇಲ್ಲವೇ ಇಲ್ಲ, ಅದಕ್ಕಿರುವ ಒಳಗಿನ ಹಿಡಿತ 500 ಮಿ.ಮೀ. ಮಾತ್ರ. ಹೊರಗೆ 950, ಒಳಗೆ 500! ಈ ಲೆಕ್ಕದಲ್ಲಿ ಸೂರನ್ನು 1500ರಿಂದ 1000ಕ್ಕೆ ಇಳಿಸಿ ಅದೇ ರೀತಿ ಮೊಳೆ ಹೊಡೆದಿದ್ದರೂ ನಿಯಮ ಪಾಲಿಸಿದಂತೆ ಕಾಣುತ್ತಿತ್ತು, ಪಾಲಿಸಿದಂತೆ ಆಗುತ್ತಿರಲಿಲ್ಲ.

ಗಾಳಿ ಇನ್ನೊಂದು ಬದಿಯಿಂದ ಬರುತ್ತದೆ. ಗೋಡೆಗೆ ಬಡಿದ ಗಾಳಿ ಮೇಲಕ್ಕೆ ತಿರುಗಿ ಸೂರಿನ ತಳವನ್ನು ಒತ್ತುತ್ತದೆ, ಅದೇ ಹೊತ್ತಿನಲ್ಲಿ ಚಾವಣಿಯ ಅಂಚಿನ ಮೇಲೆ ಹಾದುಹೋಗುವ ಗಾಳಿ ಶೀಟನ್ನು ಮೇಲಕ್ಕೆ ಹೀರುತ್ತದೆ. ಗೋಡೆಯ ಒಳಗಿನ ಚಾವಣಿಗೆ ಇಲ್ಲದ ಈ ಇಮ್ಮಡಿ ಬಲ ಸೂರಿಗೆ ಮಾತ್ರ ಮೀಸಲು. ಗಾಳಿಯ ಒತ್ತಡವನ್ನು ಚದರ ಮೀಟರಿಗೆ 0.8 ಕಿಲೋನ್ಯೂಟನ್ ಎಂದು ಹಿಡಿದು, ತಳದ ಒತ್ತಿಗೆ ಅದರ 0.8 ಪಟ್ಟನ್ನೂ ಮೇಲಿನ ಹೀರಿಕೆಗೆ ಒಂದು ಪಟ್ಟನ್ನೂ ಸೇರಿಸಿದರೆ ಸೂರನ್ನು ಎತ್ತುವ ಬಲ 1.44 ಕಿಲೋನ್ಯೂಟನ್, ಚಾವಣಿಯ ಸ್ವಂತ ಭಾರದ ನಾಲ್ಕು ಪಟ್ಟು. ಗೋಡೆಯ ಒಳಗಿನ ಚಾವಣಿಯ ಹೀರಿಕೆಯನ್ನು 0.8 ಕಿಲೋನ್ಯೂಟನ್ ಎಂದು ಸೇರಿಸಿ, ಸ್ವಂತ ಭಾರವನ್ನು ಕಳೆದು ನೋಡಿದಾಗ, ಗೋಡೆಪಟ್ಟಿಯ ಮೇಲೆ ಒಂದೊಂದು ಪಕಾಸಿಯ ಎತ್ತುಬಲ 600 ಮಿ.ಮೀ. ಸೂರಿಗೆ 0.84 ಇದ್ದದ್ದು 1500 ಮಿ.ಮೀ.ಗೆ 1.63 ಕಿಲೋನ್ಯೂಟನ್ ಆಗುತ್ತದೆ. ಅದನ್ನು ಹಿಡಿದಿದ್ದದ್ದು ಓರೆಯಾಗಿ ಹೊಡೆದ ಎರಡು ಮೊಳೆ. ಮೂಲೆಯ ಬಳಿಯ ನಾಲ್ಕು ಪಕಾಸಿಗಳಲ್ಲಿ ಈ ಮೊಳೆಗಳು 10 ಮಿ.ಮೀ.ನಷ್ಟು ಹೊರಬಂದು, ಪಕಾಸಿಯ ಕಚ್ಚಿಗೂ ಪಟ್ಟಿಗೂ ನಡುವೆ ಬೆರಳು ತೂರುವಷ್ಟು ಸಂದು ಬಿದ್ದಿತ್ತು. ಗಾಳಿ ಎತ್ತುವಾಗ ಪಕಾಸಿಯ ತಳಭಾಗ ಎಳೆತಕ್ಕೆ ಸಿಗುತ್ತದೆ, ಕಚ್ಚಿನ ಒಳಮೂಲೆಯಿಂದ ಸೀಳು ಹೊರಡುವುದು ಆಗಲೇ. ಒಂದು ಪಕಾಸಿಯಲ್ಲಿ ಅಂಥ ಸೀಳಿನ ಆರಂಭ ಕೂದಲಿನಷ್ಟು ಕಾಣಿಸಿತು. ಮನೆಯವರು ಕೇವಲ ದೋಣಿಯ ನೀರಿನ ಬಗ್ಗೆ ಚಿಂತಿಸುತ್ತಿದ್ದರು, ನನಗೆ ಆ ಮೂಲೆ ನೋಡಿದ ಮೇಲೆ ದೋಣಿಯ ನೆನಪೇ ಉಳಿಯಲಿಲ್ಲ.

ತ್ರಿಕೋನ ಗೋಡೆಯ ತುದಿಗಳಲ್ಲಿ ಸೂರನ್ನು 300ರಿಂದ 750 ಮಿ.ಮೀ.ಗೆ ಒಯ್ದಿದ್ದರು. ಅಲ್ಲಿ ಅಂಚಿನ ಪಕಾಸಿ ಬರೀ ಹಲಗೆಗಳ ಚಾಚಿನಿಂದ ನೇತಾಡುತ್ತಿತ್ತು, ಅದರ ಕೆಳಗೆ ಅಡ್ಡ ತುಂಡುಗಳೇ ಇರಲಿಲ್ಲ. ಇಂಥ ಕಡೆ ಅಡ್ಡ ತುಂಡುಗಳು ಗೋಡೆಯ ಮೇಲಿನ ಪಕಾಸಿಯನ್ನು ದಾಟಿ, ಹೊರಗಿರುವುದರ ಎರಡರಷ್ಟಾದರೂ ಒಳಗೆ ಹೋಗಿ, ಮುಂದಿನ ಪಕಾಸಿಯೊಂದಕ್ಕೆ ಬಿಗಿಯಬೇಕು.

ಕೈಗೊಂಡ ಕ್ರಮ

ಮನೆಯವರಿಗೆ ಎರಡು ದಾರಿಗಳನ್ನು ವಿವರಿಸಿದೆ: ಕಂಬವಿಲ್ಲದೆ ಬೇಕಾದರೆ 1000 ಮಿ.ಮೀ., 1500 ಮಿ.ಮೀ.ಯೇ ಬೇಕಾದರೆ ಕಂಬ. ಗೋಡೆಯಿಂದ ಓರೆಯಾಗಿ ಆನಿಕೆ ಕೊಟ್ಟರಾಗದೇ ಎಂದು ಅವರು ಕೇಳಿದರು. ಆನಿಕೆಯ ಕೆಳತುದಿ ಗೋಡೆಯನ್ನು ಒಳಕ್ಕೆ ತಳ್ಳುತ್ತದೆ, ಮೇಲ್ತುದಿ ಪಕಾಸಿಯನ್ನು ಹೊರಕ್ಕೆ ಎಳೆಯುತ್ತದೆ. ಅಂಥ ಅಡ್ಡಬಲಕ್ಕೆಂದು ಕಟ್ಟಿರದ ಇಟ್ಟಿಗೆ ಗೋಡೆಗೆ ಪ್ರತಿ ಪಕಾಸಿಗೊಂದರಂತೆ ಆ ತಳ್ಳನ್ನು ಹೊರಿಸಲು ನಾನು ಒಪ್ಪಲಿಲ್ಲ. ಕೊನೆಗೆ ಕೂರುವ ಮುಂಬದಿಗೆ ಕಂಬ, ಹಿಂಬದಿಗೆ 1000 ಮಿ.ಮೀ. ಎಂದು ತೀರ್ಮಾನವಾಯಿತು.

ಹಿಂಬದಿಯಲ್ಲಿ ಹಳೆಯ ಬಾಲಗಳನ್ನು ಗೋಡೆಯ ಹೊರಮುಖಕ್ಕೆ ಕತ್ತರಿಸಿ ತೆಗೆದು, ಪ್ರತಿ ಪಕಾಸಿಯ ಪಕ್ಕಕ್ಕೂ 3 ಮೀಟರ್ ಉದ್ದದ ಹೊಸ 50 × 150 ಜೋಡಿಸಲಾಯಿತು: 1 ಮೀಟರ್ ಹೊರಗೆ, 2 ಮೀಟರ್ ಒಳಗೆ. ಹೊಸ ಮರಕ್ಕೆ ಕಚ್ಚು ಕೊಡದೆ, ಇಳಿಜಾರಿಗೆ ಹೊಂದುವಂತೆ ಕೆತ್ತಿದ ಬೆಣೆಯ ಮೇಲೆ ಅದನ್ನು ಕೂರಿಸಿದೆವು. ಗೋಡೆಯ ಬಳಿ ಎರಡು, ನಡುವೆ ಒಂದು, ಗೋಡೆಯಿಂದ 1900 ಮಿ.ಮೀ. ಒಳಗೆ ಒಂದು, ಹೀಗೆ 12 ಮಿ.ಮೀ. ಬೋಲ್ಟುಗಳು, ಎರಡೂ ಬದಿಗೆ ಅಗಲ ವಾಷರಿನೊಂದಿಗೆ. ಈಗ ಪೂರ್ಣ ಭಾರಕ್ಕೆ ಒಳಗಿನ ಬೋಲ್ಟಿನ ಮೇಲೆ ಬೀಳುವುದು 0.17 ಕಿಲೋನ್ಯೂಟನ್, ತುದಿಯಲ್ಲಿ ಮನುಷ್ಯ ಕುಳಿತರೂ ಅದಕ್ಕೆ ಸೇರುವುದು 0.47. ಒಳಗಿನ ಹಿಡಿತವನ್ನು 500ರಿಂದ 1900ಕ್ಕೆ ಬೆಳೆಸಿ, ಚಾಚನ್ನೂ ತಗ್ಗಿಸಿದ್ದರ ಫಲವಿದು. ಬೋಲ್ಟು ದಪ್ಪವಾದದ್ದು ಇಲ್ಲಿ ಎರಡನೆಯ ಮಾತು. ಪಟ್ಟಿಯ ಮೇಲೆ ಕೊಳೆತ ಮೂರು ಪಕಾಸಿಗಳನ್ನು ನೆತ್ತಿಯವರೆಗೂ ಬದಲಿಸಬೇಕಾಯಿತು. ತುದಿಗಳ ಸೂರನ್ನು 600 ಮಿ.ಮೀ.ಗೆ ಇಳಿಸಿ, ಅಡ್ಡ ತುಂಡುಗಳನ್ನು 1200 ಮಿ.ಮೀ. ಒಳಗೆ, ಎರಡನೆಯ ಪಕಾಸಿಯವರೆಗೆ ಒಯ್ದೆವು.

ಎತ್ತುಬಲಕ್ಕೆ ಪ್ರತಿ ಪಕಾಸಿಗೂ ಉಕ್ಕಿನ ಪಟ್ಟಿ ಹಾಕಿದ್ದಾಯಿತು. ಆದರೆ ಪಕಾಸಿಯನ್ನು ಗೋಡೆಪಟ್ಟಿಗೆ ಕಟ್ಟಿ ಗೋಡೆಪಟ್ಟಿಯನ್ನು ಗೋಡೆಗೆ ಕಟ್ಟದಿದ್ದರೆ ಬಲ ಒಂದು ಮೆಟ್ಟಿಲು ಕೆಳಗಿಳಿದು ಅಲ್ಲೇ ನಿಲ್ಲುತ್ತದೆ, ಇಲ್ಲಿ ಗೋಡೆಪಟ್ಟಿ ಗಾರೆಯ ಮೇಲೆ ಸುಮ್ಮನೆ ಮಲಗಿತ್ತು. 1.2 ಮೀಟರಿಗೊಂದರಂತೆ ಕಂಬಿ ಇಳಿಸುವುದೆಂದು ಲೆಕ್ಕ ಹಾಕಿದಾಗ ಒಂದೊಂದಕ್ಕೂ 2.3 ಕಿಲೋನ್ಯೂಟನ್ ಬಂತು. ಅಷ್ಟು ತೂಕದ ಇಟ್ಟಿಗೆಯನ್ನು ಹಿಡಿದುಕೊಳ್ಳಲು, ಒಂದೂವರೆ ಪಟ್ಟು ಭದ್ರತೆಯೊಂದಿಗೆ, ಕಂಬಿ 700 ಮಿ.ಮೀ. ಆಳಕ್ಕೆ ಹೋಗಬೇಕು. ಗಾಳಿಗೆ ಕೊನೆಯ ಉತ್ತರ ಕೊಡುವುದು ಇಟ್ಟಿಗೆಯ ತೂಕವೇ. ಮುಂಬದಿಯ ಕಂಬಗಳಿಗೂ ಇದೇ ಲೆಕ್ಕ ಅನ್ವಯಿಸಿತು: 3.2 ಮೀಟರಿಗೊಂದು ಕಂಬ, ಗಾಳಿ ಎತ್ತಿದಾಗ ಪ್ರತಿಯೊಂದಕ್ಕೂ ಸುಮಾರು 3 ಕಿಲೋನ್ಯೂಟನ್ ಮೇಲೆಳೆತ. ಕಂಬವೆಂದರೆ ಹೊರುವುದಕ್ಕೆ ಮಾತ್ರ ಎಂದುಕೊಂಡಿದ್ದ ಬಡಗಿಗೆ ಕೆಳಗೆ 600 ಮಿ.ಮೀ. ಘನದ ಕಾಂಕ್ರೀಟು ಏಕೆ ಎಂದು ಮನವರಿಕೆ ಮಾಡಲು ಸ್ವಲ್ಪ ಹೊತ್ತು ಹಿಡಿಯಿತು. ಅದರ ತೂಕ 5 ಕಿಲೋನ್ಯೂಟನ್ ಮೀರುತ್ತದೆ.

ಒಂದು ವರ್ಷದ ನಂತರ ಅದೇ ದಾರ ಎಳೆದು ಅಳೆದೆ. ಹಿಂಬದಿಯ ತುದಿ ಎಲ್ಲಿಯೂ 3 ಮಿ.ಮೀ.ಗಿಂತ ಹೆಚ್ಚು ಇಳಿದಿರಲಿಲ್ಲ, ಅದೂ ಬೋಲ್ಟಿನ ರಂಧ್ರದ ಸಡಿಲದಿಂದ ಬಂದದ್ದು. ಹೊಸ ಮರ ಒಣಗಿ ಕುಗ್ಗಿದ್ದರಿಂದ ಹಲವು ನಟ್ಟುಗಳು ಬೆರಳಿಗೇ ತಿರುಗುತ್ತಿದ್ದವು. ಅವನ್ನೆಲ್ಲ ಅರ್ಧ ಸುತ್ತು ಬಿಗಿಸಿ, ಮುಂದಿನ ವರ್ಷ ಮತ್ತೊಮ್ಮೆ ಬಿಗಿಸಬೇಕೆಂದು ಬರೆದುಕೊಟ್ಟು ಬಂದೆ.